ರಕ್ತ ಹೇಳಿದ್ದು, ಅಜ್ಜಿ ಹೇಳಿದ್ದು

ರಕ್ತ ತೆಗೆಯುವುದರಲ್ಲಿ ನಾನು ಎತ್ತಿದ ಕೈ. ಜಂಬಕ್ಕೆ ಹೇಳುತ್ತಿಲ್ಲ. ಅರಸೀಕೆರೆಯ ನಮ್ಮ ಚಿಕಿತ್ಸಾ ಕೇಂದ್ರದಲ್ಲಿ ಯಾರದಾದರೂ ನರ ಸಿಗದೆ ತಡಕಾಡುವಂತಾದರೆ ಎಲ್ಲರೂ ಕೂಗುವುದು ನನ್ನನ್ನೇ. ಎಚ್‌ಐವಿ ಇರುವವರು ತಿಂಗಳು ತಿಂಗಳು ಬಂದು ಮಾತ್ರೆ ಒಯ್ಯುವ ಜಾಗ ಅದು. ನನ್ನ ಪಾಲಿಗೆ ಇರುವುದು ಹಿಂದಿನ ಕೋಣೆ: ಒಂದು ಕಿಟಕಿ, ಒಂದು ಫ್ರಿಜ್ಜು, ರಕ್ತವನ್ನು ಗಿರಗಿರನೆ ತಿರುಗಿಸುವ ಒಂದು ಯಂತ್ರ. ಆ ಯಂತ್ರ ತಿರುಗುತ್ತಿರುವಾಗ ಕರೆಂಟ್ ಹೋದರೆ ನನ್ನ ಬಾಯಲ್ಲಿ ಏನು ಬರುತ್ತದೆ ಎಂದು ಮಾತ್ರ ಕೇಳಬೇಡಿ.

ನಮ್ಮಲ್ಲಿಗೆ ಬರುವವರಲ್ಲಿ ಅರಸೀಕೆರೆಯವರು ಕಡಿಮೆ. ಅರಸೀಕೆರೆಯವರು ತಿಪಟೂರಿಗೋ ಹಾಸನಕ್ಕೋ ಹೋಗುತ್ತಾರೆ. ಬೇಲೂರು, ಹಳೇಬೀಡು, ಗೆಂಡೆಹಳ್ಳಿ ಕಡೆಯವರು ಎರಡು ಬಸ್ಸು ಬದಲಾಯಿಸಿ ನಮ್ಮಲ್ಲಿಗೆ ಬರುತ್ತಾರೆ. ಪಕ್ಕದಲ್ಲೇ ಸಿಗುವ ಮಾತ್ರೆಗೆ ಅಷ್ಟು ದೂರ ಅಲೆಯುವುದು ಯಾಕೆ ಎಂದು ಹೊಸದಾಗಿ ಸೇರಿದಾಗ ನಾನೂ ಕೇಳಿದ್ದೆ. ಈಗ ಕೇಳುವುದಿಲ್ಲ. ಸರದಿಯಲ್ಲಿ ನಿಂತಾಗ ಗುರುತಿನವರು ಸಿಕ್ಕರೆ ಏನು ಗತಿ ಎನ್ನುವುದು ಅವರಿಗೆ ಕಾಯಿಲೆಗಿಂತ ದೊಡ್ಡ ಹೆದರಿಕೆ.

ಈ ಅಜ್ಜಿಯೂ ಹಾಗೆ ಬಂದವಳೇ. ಹಳೇಬೀಡಿನಿಂದ ಇನ್ನೂ ಒಳಗೆ ಹೋಗಬೇಕಾದ ಹಳ್ಳಿಯವಳು. ಜಾವಗಲ್ ಮೇಲೆ ಬರುವ ಬಸ್ಸು ಹಿಡಿದು ಬೆಳಿಗ್ಗೆಯೇ ಬಂದುಬಿಡುತ್ತಿದ್ದಳು. ಗಂಡನಿಂದ ಬಂದ ಕಾಯಿಲೆ. ಅವನು ಎಂದೋ ಸತ್ತಿದ್ದ, ಜ್ವರ ಬಂದು ಹೋದ ಎಂದೇ ಊರಿಗೆಲ್ಲ ಗೊತ್ತು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳಿದ್ದ ಮನೆ. ಅವರ್ಯಾರಿಗೂ ವಿಷಯ ತಿಳಿಯದು. ಅರಸೀಕೆರೆಯಲ್ಲಿ ಮಂಡಿ ನೋವಿಗೆ ಒಳ್ಳೆ ಡಾಕ್ಟರಿದ್ದಾರೆ ಎಂದು ಹೇಳಿ ಬರುತ್ತಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೆ ಮಾತಿಗೇನೂ ಬರವಿರಲಿಲ್ಲ. "ನಿನ್ ಕೈ ಇರುವೆ ಕಚ್ಚಿದಂಗೆ ಕಣವ್ವ, ಗೊತ್ತೇ ಆಗಾಕಿಲ್ಲ" ಎಂದು ನನ್ನನ್ನು ಹೊಗಳಿ, ಹೊರಗೆ ಹೋಗಿ ಬೇರೆಯವರಿಗೆ "ಆ ಹುಡ್ಗಿ ಸೂಜಿ ಚುಚ್ಚಿದ್ರೆ ಪ್ರಾಣ ಹೋಯ್ತದೆ" ಎಂದು ಹೆದರಿಸುತ್ತಿದ್ದಳು. ನನಗೆ ಅವಳೆಂದರೆ ಇಷ್ಟ.

ಅವಳ ರಕ್ತದಲ್ಲಿ ಸ್ವಲ್ಪ ಕಾಲದಿಂದ ವೈರಸ್ ಏರುತ್ತಿತ್ತು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರಲ್ಲಿ ಅದು ಕಾಣಿಸದಷ್ಟು ಇಳಿದಿರಬೇಕು. ರೋಗಿಗಳಿಗೆ ಸಲಹೆ ಕೊಡುವವರು ಕೇಳಿದರು, ಡಾಕ್ಟರು ಕೇಳಿದರು, ನಾನೂ ಕೇಳಿದೆ. ಅವಳದು ಒಂದೇ ಉತ್ತರ. "ದಿನಾ ಮಧ್ಯಾನ ಉಂಡ್ ಮೇಲೆ ತಗತೀನಿ. ಒಂದಿನಾನೂ ತಪ್ಸಿಲ್ಲ." ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದಳು.

ಆಗಲೇ ಬೆಂಗಳೂರಿನ ಒಂದು ಪ್ರಯೋಗಾಲಯದವರು ಹೊಸ ಪರೀಕ್ಷೆ ಶುರುಮಾಡಿದ್ದು. ರೋಗಿಯ ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಳೆಯುವುದು. ಇಂದಿನ ಮಾತ್ರೆ ನುಂಗುವ ಮುಂಚೆ ರಕ್ತ ತೆಗೆಯಬೇಕು, ಯಂತ್ರದಲ್ಲಿ ತಿರುಗಿಸಬೇಕು. ಕೆಂಪು ಕಣಗಳೆಲ್ಲ ಕೆಳಗೆ ಕುಳಿತು ಮೇಲೆ ತಿಳಿ ನಿಲ್ಲುತ್ತದೆ, ಅದೇ ಪ್ಲಾಸ್ಮಾ. ಅದನ್ನು ಪುಟ್ಟ ಕೊಳವೆಗೆ ಎಳೆದು, ಮಂಜಿನಂತೆ ಗಟ್ಟಿ ಮಾಡಿ, ಐಸಿನ ಡಬ್ಬದಲ್ಲಿಟ್ಟು ಕಳುಹಿಸಬೇಕು. ನಿನ್ನೆ ನುಂಗಿದ ಮಾತ್ರೆಯಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಅಲ್ಲಿನ ಯಂತ್ರ ಹೇಳುತ್ತದೆ. ಕೆಲಸ ಹೆಚ್ಚಾಯಿತೆಂದು ಮೊದಲು ಗೊಣಗಿದೆ. ಆಮೇಲೆ ಒಳಗೊಳಗೇ ಖುಷಿಯಾಯಿತು. ನಮ್ಮಲ್ಲಿ ಬಸ್ ಸ್ಟ್ಯಾಂಡಿನಲ್ಲಿಳಿದ ಮೇಲೆ ನೆನಪಾಗಿ ಒಂದು ಮಾತ್ರೆ ನುಂಗಿ, ಡಾಕ್ಟರ ಮುಂದೆ ಗೋಣು ಅಲ್ಲಾಡಿಸುವವರು ಬೇಕಾದಷ್ಟು ಜನ ಇದ್ದಾರೆ. ಅಜ್ಜಿ ಅಂಥವಳಲ್ಲ, ಇನ್ನು ಅವಳನ್ನು ಯಾರೂ ಪ್ರಶ್ನೆ ಕೇಳಿ ಪೀಡಿಸುವುದಿಲ್ಲ ಎಂದುಕೊಂಡೆ.

ಫಲಿತಾಂಶ ಬಂದಾಗ ಔಷಧ ಇದ್ದೂ ಇಲ್ಲದಷ್ಟಿತ್ತು.

ಡಾಕ್ಟರು ಕೆಟ್ಟವರೇನಲ್ಲ. ಆದರೆ ಅವತ್ತು ಹೊರಗೆ ಉದ್ದ ಸರದಿ ಇತ್ತು, ಅವರಿಗೆ ಸುಸ್ತಾಗಿತ್ತು. "ಅಜ್ಜಿ, ನೀವು ಏನು ಬೇಕಾದರೂ ಹೇಳಬಹುದು, ರಕ್ತ ಸುಳ್ಳು ಹೇಳಲ್ಲ" ಎಂದುಬಿಟ್ಟರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು: ಹೀಗೇ ಆದರೆ ಈ ಮಾತ್ರೆಗೆ ವೈರಸ್ ಬಗ್ಗದಂತಾಗುತ್ತದೆ. ಆಗ ಬೇರೆ ಔಷಧಕ್ಕೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಒಬ್ಬರೇ ಹೋದರೆ ಆಗುವುದಿಲ್ಲ, ಮನೆಯವರು ಯಾರಾದರೂ ಜೊತೆಗಿದ್ದು ಜವಾಬ್ದಾರಿ ತೆಗೆದುಕೊಳ್ಳಬೇಕು. ಮಗನಿಗೆ ಹೇಳಲೇಬೇಕಾಗುತ್ತದೆ.

ಮಗ ಎಂದ ಕೂಡಲೇ ಅಜ್ಜಿ ಎದ್ದುಬಿಟ್ಟಳು. ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕುಳಿತಳು. "ಅಂವ ನಾನ್ ಕಟ್ಟಿದ್ ಮುದ್ದೇನೇ ತಿನ್ನಾದು ಕಣವ್ವ. ಸೊಸೆ ಕಟ್ಟಿದ್ರೆ ಗಂಟು ಅಂತಾನೆ. ಈ ಕಾಯ್ಲೆ ಐತೆ ಅಂತ ಗೊತ್ತಾದ್ ಮೇಲೆ ನನ್ ಕೈ ಮುದ್ದೆ ತಿಂತಾನಾ? ನಾನ್ ಕರೆದ್ ಹಾಲ ಡೈರೀಲಿ ಹುಯ್ಸ್ಕತಾರಾ?"

"ಮುದ್ದೆಯಿಂದ, ಹಾಲಿಂದ ಬರಲ್ಲ ಅಜ್ಜಿ. ಎಷ್ಟು ಸಲ ಹೇಳಿದ್ದೀವಿ."

"ನಿಂಗೊತ್ತು, ನಂಗೊತ್ತು. ಊರಿಗ್ ಗೊತ್ತಾ?"

ಹೊರಡುವ ಮುಂಚೆ ಅವಳೇ ಕೇಳಿದಳು. "ನಾನ್ ಸುಳ್ಳ್ ಹೇಳ್ತಿಲ್ಲ. ನೀನಾದ್ರೂ ನಂಬ್ತೀಯಾ?" ನಂಬುತ್ತೇನೆ ಎಂದೆ. ನಂಬಿಕೆ ಅರ್ಧ ಇತ್ತು, ಅರ್ಧ ಇರಲಿಲ್ಲ. ನಾನೇ ತೆಗೆದ ರಕ್ತ, ನಾನೇ ಕಳುಹಿಸಿದ ಪ್ಲಾಸ್ಮಾ. ಡಬ್ಬದಲ್ಲಿ ಐಸ್ ಕರಗಿರಬಹುದೇ ಎಂದೂ ತಲೆ ಕೆಡಿಸಿಕೊಂಡೆ. ಮತ್ತೊಂದು ಸಲ ತೆಗೆದು ಕಳುಹಿಸಿದೆ. ಅದೂ ಹಾಗೇ ಬಂತು.

ಇದಾದ ಮೇಲೆ ನಮ್ಮ ಚಿಕ್ಕಪ್ಪನ ಮಗಳ ಮದುವೆಯಾಯಿತು. ಹುಡುಗನ ಕಡೆಯವರು ಹಳೇಬೀಡಿನ ಹತ್ತಿರದವರು, ಬೀಗರೂಟಕ್ಕೆ ಕರೆದಿದ್ದರು. ಮದುವೆಯ ಸಿಹಿಯೂಟಕ್ಕೆ ತಪ್ಪಿಸಿಕೊಂಡವರೂ ಬೀಗರೂಟದ ಮಾಂಸಕ್ಕೆ ತಪ್ಪಿಸಿಕೊಳ್ಳುವುದಿಲ್ಲವಲ್ಲ, ನಮ್ಮ ಮನೆಯವರೆಲ್ಲ ಒಂದು ಟೆಂಪೊ ತುಂಬ ಹೊರಟರು. ದೇವಸ್ಥಾನ ನೋಡಲು ಬಂದವರ ಬಸ್ಸುಗಳು ರಸ್ತೆಗೆ ಅಡ್ಡ ನಿಂತು ಹಳೇಬೀಡಿನಲ್ಲೇ ತಡವಾಗಿ, ನಾವು ಹೋಗುವಷ್ಟರಲ್ಲಿ ಮೊದಲನೇ ಪಂಕ್ತಿ ಎದ್ದಿತ್ತು.

ಎರಡನೇ ಪಂಕ್ತಿಯಲ್ಲಿ ಕುಳಿತು ತಲೆಯೆತ್ತಿದರೆ ಎದುರು ಸಾಲಿನಲ್ಲಿ ಅಜ್ಜಿ. ಹುಡುಗನ ಕಡೆಗೆ ಏನೋ ನಂಟು ಇರಬೇಕು. ಅವಳು ನನ್ನನ್ನು ನೋಡಿದಳು, ನೋಡದವಳಂತೆ ಎಲೆಯ ಕಡೆ ತಿರುಗಿದಳು. ನಮ್ಮ ಕೆಲಸದಲ್ಲಿ ಇದೊಂದು ನಿಯಮವಿದೆ. ಹೊರಗೆ ರೋಗಿ ಸಿಕ್ಕರೆ ಅವರಾಗಿ ಮಾತಾಡಿಸುವವರೆಗೆ ನಾವು ಮಾತಾಡಿಸುವಂತಿಲ್ಲ. ಯಾರು ನೀನು, ಎಲ್ಲಿ ಪರಿಚಯ ಎಂದು ಪಕ್ಕದವರು ಕೇಳಿದರೆ ಅವರು ಏನೆಂದು ಹೇಳಬೇಕು? ನಾನೂ ತಲೆ ತಗ್ಗಿಸಿ ಊಟ ಮಾಡಿದೆ. ಸಾರು ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ನನಗೆ ನೆನಪಿಲ್ಲ.

ಊಟವಾದ ಮೇಲೆ ಹೆಂಗಸರೆಲ್ಲ ಚಪ್ಪರದ ನೆರಳಲ್ಲಿ ಎಲೆ ಅಡಿಕೆ ಹಾಕುತ್ತಾ ಕುಳಿತರು. ಅಜ್ಜಿ ಸೊಂಟದಿಂದ ಬಟ್ಟೆಯ ಸಂಚಿ ತೆಗೆದು ಬಿಚ್ಚಿದಳು. ಒಳಗಿಂದ ಕಬ್ಬಿಣದ ಕುಟ್ಟಾಣಿ ಬಂತು. ಹಲ್ಲಿಲ್ಲದ ಮುದುಕಿಯರು ಎಲೆ ಅಡಿಕೆ ಜಜ್ಜಿಕೊಳ್ಳುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಒರಳು. ಎಲೆ ಹರಿದು ಹಾಕಿದಳು, ಅಡಿಕೆ ಹಾಕಿದಳು, ಸುಣ್ಣ ಬಳಿದಳು, ಹೊಗೆಸೊಪ್ಪಿನ ಕಡ್ಡಿಪುಡಿ ಉದುರಿಸಿದಳು. ಆಮೇಲೆ ಸಂಚಿಯ ಮೂಲೆಯಿಂದ ಕಾಗದದ ಪೊಟ್ಟಣ ತೆಗೆದು, ಅದರೊಳಗಿದ್ದ ದೊಡ್ಡ ಬಿಳಿ ಮಾತ್ರೆಯನ್ನು ಎಲೆ ಅಡಿಕೆಯ ಮೇಲಿಟ್ಟು ಕುಟ್ಟತೊಡಗಿದಳು.

ಆ ಮಾತ್ರೆಯನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ.

"ಏನಜ್ಜಿ ಅದು, ಎಲೆ ಅಡಿಕೆ ಜೊತೆ?" ಪಕ್ಕದ ಹೆಂಗಸು ಕೇಳಿದಳು.

"ಮಂಡಿ ನೋವಿಂದು ಕಣವ್ವ. ಹಂಗೇ ನುಂಗಿದ್ರೆ ಗಂಟ್ಲಲ್ಲೇ ಕುಂತ್ಕತದೆ. ಕುಟ್ಕಂಡ್ರೆ ಸಲೀಸು. ಕಹಿನೂ ಗೊತ್ತಾಗಾಕಿಲ್ಲ."

ಎಲ್ಲವನ್ನೂ ಉಂಡೆ ಮಾಡಿ ದವಡೆಗೆ ಒತ್ತಿಕೊಂಡಳು. ಅಲ್ಲಿಯವರೆಗೂ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಸ್ವಲ್ಪ ಹೊತ್ತು ಮೆದ್ದ ಮೇಲೆ ಅವಳು ಎದ್ದು, ಬೇಲಿಯ ಹತ್ತಿರ ಹೋಗಿ, ಬಾಯ್ತುಂಬ ಇದ್ದ ಕೆಂಪು ರಸವನ್ನು ಪಿಚಕ್ಕನೆ ಉಗಿದಳು. ಬಂದು ಕುಳಿತಳು, ಮತ್ತೆ ಮೆದ್ದಳು, ಮತ್ತೆ ಎದ್ದಳು.

ಆಗ ತಿಳಿಯಿತು. ದಿನಾ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದದ್ದು ನಿಜ. ಒಂದಿನವೂ ತಪ್ಪಿಸಿಲ್ಲ ಎಂದದ್ದೂ ನಿಜ. ಹೆಚ್ಚುಪಾಲು ಬೇಲಿಗೆ ಹೋಗುತ್ತಿತ್ತು. ಹೊಟ್ಟೆಗೆ ಹೋದ ಚೂರುಪಾರೂ ಸುಣ್ಣದ ಜೊತೆ ಬೆರೆತು ಹೋಗುತ್ತಿತ್ತು. ಈ ಮಾತ್ರೆಗೆ ಸುಣ್ಣದಂಥದ್ದು ಆಗುವುದಿಲ್ಲ, ಕ್ಯಾಲ್ಸಿಯಂ ಗುಳಿಗೆಯನ್ನೂ ಒಟ್ಟಿಗೆ ನುಂಗಬೇಡಿ ಎಂದು ನಾವೇ ಎಲ್ಲರಿಗೂ ಹೇಳುತ್ತೇವೆ. ಎಲೆ ಅಡಿಕೆಯ ಸುಣ್ಣದ ವಿಷಯ ಯಾರ ತಲೆಗೂ ಹೊಳೆದಿರಲಿಲ್ಲ.

ಅವಳು ಮೂರನೇ ಸಲ ಬೇಲಿಯ ಕಡೆ ಎದ್ದಾಗ ತಡೆಯಲಾಗಲಿಲ್ಲ. "ಅಜ್ಜಿ, ಉಗೀಬೇಡಿ. ನುಂಗಿಬಿಡಿ" ಎಂದುಬಿಟ್ಟೆ.

ಚಪ್ಪರವೆಲ್ಲ ಗೊಳ್ಳೆಂದು ನಕ್ಕಿತು. "ಕಡ್ಡಿಪುಡಿ ರಸ ನುಂಗಿದ್ರೆ ತಲೆ ತಿರುಗಿ ಬಿದ್ದೋಯ್ತಳೆ ಕಣಮ್ಮ. ಪೇಟೆಯವಳಾ ನೀನು?" ಎಂದು ಒಬ್ಬಳು ಕೇಳಿದಳು. ಅಜ್ಜಿಯ ಸೊಸೆಯೂ ಅಲ್ಲೇ ಇದ್ದಳು. "ಯಾರಕ್ಕ ನೀವು, ನಮ್ಮತ್ತೆ ಗೊತ್ತಾ ನಿಮ್ಗೆ?" ಎಂದಳು, ನಗುನಗುತ್ತಲೇ. ಅಜ್ಜಿ ಬೇಲಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಅಂಥ ಹೆದರಿಕೆಯ ಮುಖವನ್ನು ನಾನು ಸೂಜಿ ಕಂಡ ಮಕ್ಕಳಲ್ಲೂ ನೋಡಿಲ್ಲ.

"ಇಲ್ಲ, ಗೊತ್ತಿಲ್ಲ. ವಯಸ್ಸಾದವರು ಹೊಗೆಸೊಪ್ಪು ಹಾಕಬಾರದು ಅಂತ ಹೇಳ್ದೆ ಅಷ್ಟೆ" ಎಂದೆ. ಮತ್ತೆ ನಕ್ಕರು. ಅಜ್ಜಿ ಆ ಕಡೆ ತಿರುಗಿ ಉಗಿದಳು. ವಾಪಸ್ಸು ಬರುವಾಗ ಟೆಂಪೊದಲ್ಲಿ ನಮ್ಮವರೆಲ್ಲ ಪೇಟೆಯವಳು ಪೇಟೆಯವಳು ಎಂದು ನನ್ನ ಕಾಲೆಳೆದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ಅಷ್ಟು ಜನರ ನಡುವೆ ವಿಷಯವನ್ನು ಬಿಡಿಸಿ ಹೇಳಲಾಗದೆ ಬಂದದ್ದಕ್ಕೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮುಂದಿನ ಸಲ ಅಜ್ಜಿ ಬರಬೇಕಾದ ದಿನ ಬರಲಿಲ್ಲ. ಅವಳ ಹತ್ತಿರ ಫೋನಿಲ್ಲ, ಕೊಟ್ಟಿದ್ದ ನಂಬರ್ ಮಗನದು, ಅದಕ್ಕೆ ಮಾಡಬೇಡಿ ಎಂದು ಮೊದಲೇ ಕೈಮುಗಿದಿದ್ದಳು. ಜಾವಗಲ್ ಬಸ್ಸು ಬರುವ ಹೊತ್ತಿಗೆಲ್ಲ ಬಾಗಿಲಿನತ್ತ ಕಣ್ಣು ಹೋಗುತ್ತಿತ್ತು. ಎಲ್ಲಿ ನನ್ನಿಂದಾಗಿ ಬರುವುದನ್ನೇ ಬಿಟ್ಟಳೋ ಎಂದು ಊಟ ಸೇರಲಿಲ್ಲ. ಕೊನೆಗೊಂದು ದಿನ ಬಂದಳು, ಬಂದವಳೇ ಬೈದಳು.

"ಯಾಕ್ ಮಾತಾಡ್ಸ್ದೆ ಅಲ್ಲಿ? ಸೊಸೆ ದಾರೀಲೆಲ್ಲ ಕೇಳ್ತಾ ಬಂದ್ಲು, ಯಾರತ್ತೆ ಅವ್ಳು ಅಂತ."

ಬೈಸಿಕೊಂಡೆ. ಬಾಗಿಲು ಹಾಕಿ, ಕೂರಿಸಿ, ರಸದ ಜೊತೆ ಮಾತ್ರೆ ಹೇಗೆ ಆಚೆ ಹೋಗುತ್ತಿದೆ ಎಂದು ನಿಧಾನವಾಗಿ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಅಷ್ಟನ್ನೂ ಉಗುದ್ಬಿಟ್ನಾ?"

"ನಿಮಗೆ ಗೊತ್ತಿರಲಿಲ್ಲವಲ್ಲ ಅಜ್ಜಿ."

"ಮುಂಚಿನ್ ಮಾತ್ರೆ ಸಣ್ಣಕಿದ್ವು, ನುಂಗ್ತಿದ್ದೆ. ಇದು ದಪ್ಪ. ಮನೇಲಿ ಯಾರ್ ಯಾವ್ದು ಮುಟ್ಟಿದ್ರೂ ನನ್ ಕುಟ್ಟಾಣಿ ಮುಟ್ಟಾಕಿಲ್ಲ. ಅದ್ರಾಗಿದ್ರೆ ಯಾರ್ಗೂ ಕಾಣಾಕಿಲ್ಲ ಅಂತ..." ಅಲ್ಲಿಗೆ ನಿಲ್ಲಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಅವರೇ ಒಂದು ದಾರಿ ಹುಡುಕಿದರು. ಕುಟ್ಟುವುದಾದರೆ ಮಾತ್ರೆಯೊಂದನ್ನೇ ಕುಟ್ಟಲಿ. ಎಲೆ ಬೇಡ, ಸುಣ್ಣ ಬೇಡ. ಪುಡಿಯನ್ನು ಲೋಟದ ನೀರಿಗೆ ಹಾಕಿ ಕುಡಿಯಲಿ, ಕುಟ್ಟಾಣಿಯನ್ನು ತೊಳೆದು ಆ ನೀರನ್ನೂ ಕುಡಿಯಲಿ. ಎಲೆ ಅಡಿಕೆಯನ್ನು ಸಂಜೆಗೆ ಇಟ್ಟುಕೊಳ್ಳಲಿ. ಅಜ್ಜಿ ತಲೆಯಾಡಿಸಿದಳು. ಮುಂದಿನ ತಿಂಗಳು ಬಂದಾಗ ನಕ್ಕಳು ಕೂಡ. "ಅತ್ತೆಗೆ ಅರಳು ಮರಳು, ಕುಟ್ಟಾಣಿ ತೊಳ್ದು ನೀರ್ ಕುಡೀತದೆ ಅಂತ ಸೊಸೆ ಊರಿಗೆಲ್ಲ ಹೇಳ್ಕಂಡ್ ಬಂದವ್ಳೆ. ಹೇಳ್ಕಳ್ಲಿ ಬಿಡು. ಹುಚ್ಚಿ ಅನ್ಲಿ, ಕಾಯ್ಲೆಯೋಳು ಅನ್ನದಿದ್ರೆ ಸಾಕು."

ರಕ್ತ ತೆಗೆದೆ. ಪ್ಲಾಸ್ಮಾ ಬೆಂಗಳೂರಿಗೆ ಹೋಯಿತು. ಫಲಿತಾಂಶ ಬಂದ ದಿನ ನಾನು ಡಾಕ್ಟರ ಕೋಣೆಗೆ ಓಡಿಕೊಂಡೇ ಹೋದೆ. ಔಷಧ ಎಷ್ಟಿರಬೇಕೋ ಅಷ್ಟಿತ್ತು.

ಡಾಕ್ಟರ ಮೇಜಿನ ಮೇಲೆ ಇನ್ನೊಂದು ವರದಿ ಇತ್ತು. ವೈರಸ್ಸೂ ಎಷ್ಟಿತ್ತೋ ಅಷ್ಟೇ ಇತ್ತು. ಕಾದು ನೋಡೋಣ ಎಂದರು, ಕಾದೆವು. ಮತ್ತೆ ಮಾಡಿಸಿದಾಗ ಇನ್ನೂ ಏರಿತ್ತು. ಅಷ್ಟು ಕಾಲ ಚೂರುಚೂರು ಔಷಧದ ರುಚಿ ಕಂಡು ಕಂಡು ಅದು ಆ ಮಾತ್ರೆಗೆ ಒಗ್ಗಿಕೊಂಡಿತ್ತು. ಈಗ ಪೂರ್ತಿ ಮಾತ್ರೆ ರಕ್ತದಲ್ಲಿ ಓಡಾಡಿಕೊಂಡಿತ್ತು, ಪಕ್ಕದಲ್ಲೇ ವೈರಸ್ಸೂ ಓಡಾಡಿಕೊಂಡಿತ್ತು. ನಾನು ಅಳೆಯಲು ಕಳುಹಿಸಿದ್ದು ಔಷಧವನ್ನು, ಅದು ಸರಿಯಾಗಿಯೇ ಅಳತೆಗೆ ಸಿಕ್ಕಿತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಆ ದಿನ ಯಂತ್ರದ ಮುಚ್ಚಳವನ್ನು ಎಷ್ಟು ಜೋರಾಗಿ ಬಡಿದೆನೆಂದರೆ ಹೊರಗೆ ಕುಳಿತವರು ಇಣುಕಿ ನೋಡಿದರು.

ಡಾಕ್ಟರು ಅಜ್ಜಿಗೆ ಈ ಸಲ ತುಂಬ ಮೆತ್ತಗೆ ಹೇಳಿದರು. ತಪ್ಪು ನಿಮ್ಮದಲ್ಲ. ಆದರೆ ಮಾತ್ರೆ ಬದಲಾಯಿಸಲೇಬೇಕು, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು, ಮಗನನ್ನು ಕರೆತನ್ನಿ. ನೀವು ಹೇಳಲಾರಿರಿ ಎಂದರೆ ನಾವೇ ಕೂರಿಸಿಕೊಂಡು ಹೇಳುತ್ತೇವೆ. ಬೇರೆ ಯಾರಾದರೂ ನಂಟರು ಬಂದರೂ ಆದೀತು. ಒಬ್ಬರೇ ಹೋದರೂ ಸರಿ, ನಾನು ಕಾಗದ ಬರೆದುಕೊಟ್ಟು ಫೋನ್ ಮಾಡಿ ಬೇಡಿಕೊಳ್ಳುತ್ತೇನೆ ಎಂದೂ ಹೇಳಿದರು. ಆದರೆ ಅಷ್ಟು ದೂರ ಒಬ್ಬಳೇ ಹೋದರೆ ರಾತ್ರಿ ಊರು ಸೇರುವುದಿಲ್ಲ. ರಾತ್ರಿ ಊರು ಸೇರದ ಮುದುಕಿಯನ್ನು ಹುಡುಕಿಕೊಂಡು ಮಗ ಬಾರದೆ ಇರುತ್ತಾನೆಯೇ?

ಅಜ್ಜಿ ಎಲ್ಲವನ್ನೂ ಕೇಳಿದಳು. ಕೇಳಿದ ಮೇಲೆ ಒಂದೇ ಮಾತು. "ಔಸ್ದಿ ರಕ್ತದಲ್ಲಿ ಐತಾ, ಇಲ್ವಾ?"

"ಇದೆ. ಆದರೆ..."

"ಐತಲ್ಲ. ನಾನ್ ಸುಳ್ಳ್ ಹೇಳಿಲ್ಲ ಅಂತ ಆಯ್ತಲ್ಲ." ಎದ್ದು ನಿಂತಳು. "ಮಗಂಗ್ ಹೇಳಾಕಿಲ್ಲ ಸ್ವಾಮಿ. ಅಂವ ಉಂಡ್ಕಂಡಿರ್ಲಿ."

ನಾವು ಯಾರಿಗೂ ಹೇಳುವಂತಿಲ್ಲ. ಅವಳ ಗುಟ್ಟು ಅವಳದು, ಅದನ್ನು ಕಾಯುತ್ತೇವೆಂದು ಮಾತು ಕೊಟ್ಟೇ ನಾವು ಆ ಕುರ್ಚಿಗಳಲ್ಲಿ ಕುಳಿತಿರುವುದು. ಹಳೇಬೀಡಿನ ಕಡೆ ಬಸ್ಸು ಹತ್ತಿ, ಆ ಮಗನ ಮುಂದೆ ನಿಂತು, ನಿಮ್ಮಮ್ಮನನ್ನು ಉಳಿಸಿಕೊಳ್ಳಪ್ಪ ಎಂದು ಹೇಳುವುದನ್ನು ಎಷ್ಟು ಸಲ ಮನಸ್ಸಿನಲ್ಲೇ ಮಾಡಿದ್ದೇನೋ. ಅವನು ಒಳ್ಳೆಯವನೇ ಇರಬಹುದು. ಆ ಮುದ್ದೆಯನ್ನು ಹಾಗೇ ತಿನ್ನುತ್ತಿದ್ದನೇನೋ. ತಿನ್ನದಿದ್ದರೆ? ಅದನ್ನು ಅನುಭವಿಸುವವಳು ನಾನಲ್ಲ, ಅವಳು.

ಅವಳು ಈಗಲೂ ಬರುತ್ತಾಳೆ. ಬೇರೆ ದಾರಿಯಿಲ್ಲವೆಂದು ಅದೇ ಮಾತ್ರೆಯನ್ನು ಕೊಟ್ಟು ಕಳುಹಿಸುತ್ತೇವೆ, ಪ್ರತಿ ಸಲ ಮಗನ ಮಾತೆತ್ತುತ್ತೇವೆ, ಪ್ರತಿ ಸಲ ಅವಳು ಆಗಲ್ಲವೆಂದು ತಲೆಯಲ್ಲಾಡಿಸುತ್ತಾಳೆ. ಬೆಂಗಳೂರಿನವರ ಪರೀಕ್ಷೆ ಮುಗಿದುಹೋಗಿದೆ, ಐಸಿನ ಡಬ್ಬ ಬರುವುದು ನಿಂತಿದೆ. ಆದರೂ ಹೋದ ಸಲ ಬಂದವಳು ನನ್ನ ಸ್ಟೂಲಿನ ಮೇಲೆ ಕುಳಿತು ರವಿಕೆಯ ತೋಳು ಮೇಲೆ ಸರಿಸಿದಳು. ಸರಿಸಬೇಕಾಗಿಯೇ ಇರಲಿಲ್ಲ, ಅದು ತಾನಾಗಿ ಸಡಿಲವಾಗಿತ್ತು.

"ತಗಾ. ನೋಡು, ಐತೋ ಇಲ್ವೋ ಅಂತ."

"ಬೇಡ ಅಜ್ಜಿ. ನೀವು ತಪ್ಪಿಸಲ್ಲ ಅಂತ ಗೊತ್ತು."

"ಡಾಕ್ಟ್ರಿಗೆ?"

"ಅವರಿಗೂ ಗೊತ್ತು."

ತೋಳನ್ನು ಕೆಳಗಿಳಿಸಲಿಲ್ಲ. "ಹಂಗಾರೆ ಯಾಕವ್ವ ಮೈ ಹಿಡೀತಿಲ್ಲ? ಸುಸ್ತು ಕಣ್ ತಾಯಿ. ಮುದ್ದೆ ತಿರುವಾಕೂ ಆಗಾಕಿಲ್ಲ. ಈಗ ಸೊಸೇನೇ ತಿರುವ್ತಾಳೆ. ಗಂಟು ಅಂತ ಅನ್ನಾದ್ ಬಿಟ್ಟವ್ನೆ ಮಗ, ಸುಮ್ಕೆ ತಿಂತಾನೆ."

ಹೇಳಬೇಕಾದದ್ದನ್ನೆಲ್ಲ ಆಗಲೇ ಹೇಳಿಯಾಗಿತ್ತು. ಮತ್ತೆ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಅವಳ ಮುಂದೆಯೇ ಅತ್ತುಬಿಟ್ಟೆ. ಅವಳು ರವಿಕೆಯ ತೋಳು ಸರಿಮಾಡಿಕೊಂಡು, ಎದ್ದು ಬಂದು, ನನ್ನ ಬೆನ್ನು ಸವರಿದಳು.

"ಅಳ್ಬ್ಯಾಡ ಕಣ್ ಮಗಾ. ನಾನ್ ಮಾತ್ರೆ ಬಿಡಾಕಿಲ್ಲ. ಒಂದಿನಾನೂ ಬಿಡಾಕಿಲ್ಲ" ಎಂದಳು.